ಚುಕ್ಕೆ ನಾಯಿಮರಿಯೋ, ಫೈರ್‌ಮನ್ ಸ್ಯಾಮೋ? ಪುಟ್ಟ ಮಕ್ಕಳ ರಕ್ಷಣಾ ಕಾರ್ಟೂನುಗಳ ಹೋಲಿಕೆ

ಪುಟ್ಟ ಮಕ್ಕಳಿಗೆ ಎರಡು ಹುಚ್ಚು ಹೆಚ್ಚಾಗಿ ಒಟ್ಟಿಗೇ ಹತ್ತುತ್ತವೆ. ಒಂದು ನಾಯಿಮರಿಯದು, ಇನ್ನೊಂದು ಫೈರ್ ಎಂಜಿನ್ನಿನದು. ಎರಡನ್ನೂ ಒಟ್ಟಿಗೆ ತೆರೆಗೆ ತಂದದ್ದು ಪಾ ಪ್ಯಾಟ್ರೋಲ್. ಅದರಲ್ಲಿ ಮಾರ್ಷಲ್ ಎಂಬ ಚುಕ್ಕೆ ನಾಯಿಮರಿ ಕೆಂಪು ಟೋಪಿ ಹಾಕಿಕೊಂಡು ಏಣಿಯಿರುವ ಗಾಡಿ ಓಡಿಸುತ್ತದೆ. ಹಾಗಾಗಿ ಮನೆಯ ಟಿ.ವಿ.ಗೆ ಮೊದಲು ಬರುವುದು ಅದೇ. ಆಮೇಲೆ ಅಪ್ಪ ಅಮ್ಮಂದಿರ ಗೊಂದಲ ಶುರು: ಇದನ್ನೇ ಮುಂದುವರಿಸಲೇ, ಫೈರ್‌ಮನ್ ಸ್ಯಾಮ್ ಹಾಕಲೇ, ಕೊರಿಯಾದ ರೋಬೊಕಾರ್ ಪೊಲಿ ತೋರಿಸಲೇ, ಡಿಸ್ನಿಯ ಫೈರ್‌ಬಡ್ಸ್ ಹೇಗೆ?

ಒಂದು ಮಾತು ಮೊದಲೇ ಹೇಳಿಬಿಡಬೇಕು. ನಾಯಿಗಳ ಸರಣಿ ಮಗುವನ್ನು ಖುಷಿಪಡಿಸುತ್ತದೆ, ಸಹಾಯ ಮಾಡುವ ಆಸೆ ಹುಟ್ಟಿಸುತ್ತದೆ, ಆದರೆ ಬೆಂಕಿಯ ಬಗ್ಗೆ ಹೆಚ್ಚೇನೂ ಕಲಿಸುವುದಿಲ್ಲ. ಬೆಂಕಿಯ ಬಗ್ಗೆ ನಿಜವಾಗಿ ಕಲಿಸುವ ಸರಣಿಗಳಲ್ಲಿ ನಾಯಿಗೆ ಹೆಚ್ಚು ಕೆಲಸವಿಲ್ಲ. ನಿಮಗೆ ಬೇಕಿರುವುದು ಯಾವುದು ಎಂಬುದು ತೀರ್ಮಾನವಾದರೆ ಅರ್ಧ ಆಯ್ಕೆ ಮುಗಿದಂತೆಯೇ.

ಏನನ್ನು ನೋಡಿ ತೂಗಬೇಕು

ಮೊದಲನೆಯದು ವಯಸ್ಸು ಮತ್ತು ಕಂತಿನ ಉದ್ದ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ ಎರಡು ವರ್ಷ ತುಂಬುವವರೆಗೆ ತೆರೆಯೇ ಬೇಡ ಎನ್ನುತ್ತದೆ. ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ, ಕಡಿಮೆಯಾದಷ್ಟೂ ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಈ ಲೆಕ್ಕದೊಳಗೆ 10 ನಿಮಿಷದ ಕಂತಿಗೂ 22 ನಿಮಿಷದ ಕಂತಿಗೂ ದೊಡ್ಡ ವ್ಯತ್ಯಾಸವಿದೆ. ಕಥೆ ಮುಗಿದಾಗ ಟಿ.ವಿ. ಆರಿಸಿದರೆ ಮಗು ಒಪ್ಪುತ್ತದೆ, ನಡುವೆ ಆರಿಸಿದರೆ ರಂಪ ಮಾಡುತ್ತದೆ.

ಎರಡನೆಯದು ಹೆದರಿಕೆ. ಹೊಗೆ ತುಂಬಿದ ಕೋಣೆಯಲ್ಲಿ ಸಿಕ್ಕಿಬಿದ್ದ ಮಗುವನ್ನು ತೋರಿಸುವುದೂ ಮರದ ಮೇಲೆ ಸಿಕ್ಕಿಕೊಂಡ ಬೆಕ್ಕನ್ನು ತೋರಿಸುವುದೂ ಒಂದೇ ಅಲ್ಲ. ಮೂರನೆಯದು, ಅದರಲ್ಲಿ ಕಂಡದ್ದನ್ನು ಮಗು ಮನೆಯಲ್ಲಿ ಮಾಡಿದರೆ ಅದು ಸರಿಯಾದ ಕೆಲಸವೇ ಎಂಬುದು. ನಾಲ್ಕನೆಯದು ಭಾಷೆ: ಮಾತು ಅರ್ಥವಾಗದಿದ್ದರೂ ಚಿತ್ರ ನೋಡಿ ಕಥೆ ಹಿಡಿಯಬಹುದೇ? ಕೊನೆಯದು ಖರ್ಚು. ಆ್ಯಪಿನ ಚಂದಾ ಇದರಲ್ಲಿ ಚಿಕ್ಕ ಪಾಲು, ದೊಡ್ಡ ಪಾಲು ಆಟಿಕೆಯದು.

ಪಾ ಪ್ಯಾಟ್ರೋಲ್

ಕೆನಡಾದ ಸರಣಿ ಇದು. ಬಾಬ್ ದ ಬಿಲ್ಡರ್ ಸೃಷ್ಟಿಸಿದ ಕೀತ್ ಚಾಪ್‌ಮನ್ ಅವರದೇ ಕಲ್ಪನೆ. ಆಟಿಕೆ ಕಂಪನಿ ಸ್ಪಿನ್ ಮಾಸ್ಟರ್ ನಿರ್ಮಾಣಕ್ಕೆ ಇಳಿಯಿತು, 2013ರ ಆಗಸ್ಟ್‌ನಲ್ಲಿ ನಿಕೆಲೋಡಿಯನ್‌ನಲ್ಲಿ ಪ್ರಸಾರ ಶುರುವಾಯಿತು. ಆಟಿಕೆ ಮಾರುವವರೇ ಕಥೆಯನ್ನೂ ಮಾಡಿದ್ದಾರೆ ಎಂಬುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಲೆಕ್ಕಕ್ಕೆ ಬರುತ್ತದೆ.

ಅಡ್ವೆಂಚರ್ ಬೇ ಎಂಬ ಕಡಲತೀರದ ಊರು. ಹತ್ತು ವರ್ಷದ ರೈಡರ್ ಎಂಬ ಹುಡುಗ, ಅವನ ಕೈಕೆಳಗೆ ಆರು ನಾಯಿಮರಿಗಳು. ಜರ್ಮನ್ ಶೆಫರ್ಡ್ ತಳಿಯ ಚೇಸ್ ಪೊಲೀಸು. ಡಾಲ್ಮೇಶಿಯನ್ ಮಾರ್ಷಲ್ ಅಗ್ನಿಶಾಮಕನೂ ಹೌದು, ಪ್ರಥಮ ಚಿಕಿತ್ಸೆ ಕೊಡುವವನೂ ಹೌದು. ಬುಲ್‌ಡಾಗ್ ರಬಲ್‌ಗೆ ಕಟ್ಟಡ ಮತ್ತು ಅಗೆಯುವ ಕೆಲಸ, ಮಿಶ್ರ ತಳಿಯ ರಾಕಿಗೆ ಹಳೆ ಸಾಮಾನು ಮರುಬಳಕೆ, ಲ್ಯಾಬ್ರಡಾರ್ ಜುಮಾಗೆ ನೀರು, ಕಾಕಪೂ ತಳಿಯ ಸ್ಕೈಗೆ ಹೆಲಿಕಾಪ್ಟರ್. ಯಾರೋ ಫೋನ್ ಮಾಡುತ್ತಾರೆ, ಮರಿಗಳೆಲ್ಲ ಲುಕ್‌ಔಟ್ ಗೋಪುರಕ್ಕೆ ಓಡುತ್ತವೆ, ಲಿಫ್ಟಿನ ಹತ್ತಿರ ಮಾರ್ಷಲ್ ಎಡವಿ ಎಲ್ಲರ ಮೇಲೂ ಬೀಳುತ್ತಾನೆ, ರೈಡರ್ ಆ ಕೆಲಸಕ್ಕೆ ಬೇಕಾದ ಮರಿಗಳನ್ನು ಆರಿಸುತ್ತಾನೆ, ಅವು ಜಾರುಬಂಡಿಯಲ್ಲಿ ಇಳಿದು ಗಾಡಿ ಹತ್ತುತ್ತವೆ. ನೂರು ಕಂತು ನೋಡಿದರೂ ಕ್ರಮ ಇದೇ. ದೊಡ್ಡವರಿಗೆ ಇದು ತಲೆನೋವು. ಆದರೆ ಮೂರು ವರ್ಷದ ಮಗುವಿಗೆ ಮುಂದೇನಾಗುತ್ತದೆಂದು ಮೊದಲೇ ಗೊತ್ತಿರುವುದೇ ಸುಖ. ಮಾರ್ಷಲ್ ಬೀಳುವ ಮುಂಚೆಯೇ ಅದು ನಗಲು ಶುರುಮಾಡಿರುತ್ತದೆ.

ಒಂದು ಕಂತು ಸುಮಾರು 22 ನಿಮಿಷ. ಹೆಚ್ಚಿನ ಕಂತುಗಳಲ್ಲಿ 11 ನಿಮಿಷದ ಎರಡು ಬೇರೆ ಬೇರೆ ಕಥೆಗಳಿರುತ್ತವೆ. ಮೊದಲ ಕಥೆ ಮುಗಿದ ತಕ್ಷಣ ನಿಲ್ಲಿಸಿದರೆ ಮಗುವಿಗೂ ಪೂರ್ತಿಯಾಯಿತು, ನಿಮಗೂ ಹನ್ನೊಂದೇ ನಿಮಿಷ ಹೋಯಿತು. ಎರಡೂವರೆ, ಮೂರು ವರ್ಷದ ಮಕ್ಕಳಿಗೆ ಇಷ್ಟು ಸಾಕು.

ಹೆದರಿಕೆ ಬಲು ಕಡಿಮೆ. ಗಾಯವಿಲ್ಲ, ಸಾವಿಲ್ಲ. ಖಳನಾಯಕನೆಂದರೆ ಪಕ್ಕದ ಊರಿನ ಮೇಯರ್ ಹಮ್‌ಡಿಂಗರ್, ಅವನೂ ಬೆಕ್ಕುಮರಿಗಳನ್ನು ಸಾಕಿಕೊಂಡಿರುವ ಕೋಡಂಗಿ. ಆದರೆ ಸರಣಿ ಮುಂದುವರಿದಂತೆ ಮೈಟಿ ಪಪ್ಸ್, ರೆಸ್ಕ್ಯೂ ನೈಟ್ಸ್ ಮುಂತಾದ ವಿಶೇಷ ಹೆಸರಿನ ಕಂತುಗಳು ಬಂದವು. ಅವುಗಳಲ್ಲಿ ಮಾಯಾಶಕ್ತಿ, ಖಳರು, ಹೊಡೆದಾಟದಂಥ ಗದ್ದಲ ಜಾಸ್ತಿ. ಚಿಕ್ಕವರಿಗೆ ಮೊದಲ ಎರಡು ಮೂರು ಸೀಸನ್‌ಗಳೇ ಸರಿ. 2021ರ ಮತ್ತು 2023ರ ಸಿನಿಮಾಗಳನ್ನು ಸರಣಿಯ ದೊಡ್ಡ ಕಂತು ಎಂದುಕೊಂಡು ಹಾಕಬೇಡಿ. ಒಂದೂವರೆ ಗಂಟೆಯ ಉದ್ದ ಒಂದು ಕಡೆ, ಮೊದಲ ಸಿನಿಮಾದಲ್ಲಿ ಚೇಸ್ ಮರಿಯಾಗಿದ್ದಾಗ ಬೀದಿಪಾಲಾದ ನೋವು ಇನ್ನೊಂದು ಕಡೆ. ಐದು ವರ್ಷದವರು ತಡೆದುಕೊಳ್ಳುತ್ತಾರೆ, ಮೂರು ವರ್ಷದವರು ಅಳಬಹುದು.

ಇನ್ನು ಬೆಂಕಿಯ ವಿಷಯ. ಅಗ್ನಿಶಾಮಕ ನಾಯಿ ಇದ್ದರೂ ಹೆಚ್ಚಿನ ಕಂತುಗಳಲ್ಲಿ ಬೆಂಕಿಯೇ ಇರುವುದಿಲ್ಲ. ಮಾರ್ಷಲ್‌ನ ಏಣಿ ಎತ್ತರದಲ್ಲಿ ಸಿಕ್ಕಿಕೊಂಡ ಪ್ರಾಣಿಯನ್ನು ಇಳಿಸಲು ಬರುತ್ತದೆ, ಅವನ ಬೆನ್ನಿನ ಪಿಚಕಾರಿ ಏನನ್ನಾದರೂ ತೊಳೆಯಲು ಬರುತ್ತದೆ. ಬೆಂಕಿ ಬಂದಾಗ ಉತ್ತರ ಒಂದೇ, ನೀರು. ನಮ್ಮ ಅಡುಗೆಮನೆಗೆ ಇದು ತಪ್ಪು ಪಾಠ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದಾಗ ನೀರು ಸುರಿದರೆ, ನೀರು ಎಣ್ಣೆಯಡಿ ಇಳಿದು ಕ್ಷಣದಲ್ಲಿ ಆವಿಯಾಗಿ ಉರಿಯುವ ಎಣ್ಣೆಯನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಒಲೆ ಆರಿಸಿ, ಬಾಣಲೆಗೆ ಅಗಲವಾದ ಮುಚ್ಚಳ ಮುಚ್ಚಬೇಕು. ವಿದ್ಯುತ್ತಿನಿಂದ ಹತ್ತಿದ ಬೆಂಕಿಗೂ ನೀರು ಹಾಕಬಾರದು. ನಾಲ್ಕು ವರ್ಷದ ಮಗು ಇದನ್ನು ಮಾಡಬೇಕೆಂದಲ್ಲ. ಆದರೆ ಮಾರ್ಷಲ್‌ನಂತೆ ಲೋಟದಲ್ಲಿ ನೀರು ಹಿಡಿದು ಒಲೆಯ ಕಡೆ ಓಡದಂತೆ ತಡೆಯಲು ಕೂತು ಒಂದು ಮಾತು ಹೇಳಲೇಬೇಕು.

ಇನ್ನೊಂದು ಕೊರತೆ ಸೂಕ್ಷ್ಮವಾದದ್ದು. ಮರಿಗಳು ಬಂದು ಎಲ್ಲ ಸರಿಮಾಡುತ್ತವೆ, ಅವು ಬರುವವರೆಗೆ ಸಿಕ್ಕಿಬಿದ್ದವರು ಏನು ಮಾಡಬೇಕೆಂಬುದು ಕಥೆಗೆ ಮುಖ್ಯವಲ್ಲ. ದೊಡ್ಡವರಂತೂ, ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಓಡಾಡುವ ಮೇಯರ್ ಗುಡ್‌ವೇ ಸೇರಿ, ಯಾವಾಗಲೂ ಕಂಗಾಲು. ಮೊದಲ ಆರು ಮರಿಗಳಲ್ಲಿ ಹೆಣ್ಣು ಸ್ಕೈ ಒಬ್ಬಳೇ, ಹಿಮದಲ್ಲಿ ಕೆಲಸ ಮಾಡುವ ಎವರೆಸ್ಟ್ ಆಮೇಲೆ ಬಂದವಳು. ಮಗಳಿಗೆ ತೋರಿಸುವವರು ಇದನ್ನು ಗಮನಿಸುತ್ತಾರೆ, ಮಗನಿಗೆ ತೋರಿಸುವವರೂ ಗಮನಿಸಿದರೆ ಒಳ್ಳೆಯದು.

ಭಾಷೆಯ ವಿಷಯದಲ್ಲಿ ಮಾತ್ರ ಇದಕ್ಕೆ ಪೂರ್ತಿ ಅಂಕ. ಮಾತು ಇಲ್ಲದೆಯೂ ಕಥೆ ಅರ್ಥವಾಗುತ್ತದೆ. ಯಾವ ಗಾಡಿ ಯಾರದು, ಯಾವ ಬಣ್ಣ ಯಾರದು ಎಂಬುದು ಎರಡು ದಿನದಲ್ಲಿ ಬಾಯಿಪಾಠ.

ಮಾರ್ಷಲ್ ನೋಡಿದ ಮಗು ಚುಕ್ಕೆ ನಾಯಿ ಸಾಕೋಣ ಎಂದು ಹಟ ಹಿಡಿಯುವುದುಂಟು, ಹಾಗಾಗಿ ಇಲ್ಲೇ ಸ್ವಲ್ಪ ಹೇಳಿಬಿಡೋಣ. ಡಾಲ್ಮೇಶಿಯನ್‌ಗೂ ಅಗ್ನಿಶಾಮಕ ದಳಕ್ಕೂ ನಂಟು ಬಂದದ್ದು ಕುದುರೆಗಳ ಕಾಲದಲ್ಲಿ. ಬಂಡಿಯ ಪಕ್ಕ ಮೈಲುಗಟ್ಟಲೆ ಓಡಿ, ಬೇರೆ ನಾಯಿಗಳು ಅಡ್ಡ ಬರದಂತೆ ದಾರಿ ಬಿಡಿಸುವುದು ಅದರ ಕೆಲಸವಾಗಿತ್ತು. ಅಂಥ ನಾಯಿಯನ್ನು ಎರಡು ಕೋಣೆಯ ಅಪಾರ್ಟ್‌ಮೆಂಟಿನಲ್ಲಿ ಕಟ್ಟಿಹಾಕಿದರೆ ಸೋಫಾ ಉಳಿಯುವುದಿಲ್ಲ. ಈ ತಳಿಯಲ್ಲಿ ಹುಟ್ಟುಕಿವುಡು ಹೆಚ್ಚು, ಮೂತ್ರದಲ್ಲಿ ಯೂರೇಟ್ ಕಲ್ಲು ಕಟ್ಟುವ ತೊಂದರೆಯೂ ಉಂಟು. ಎವರೆಸ್ಟ್‌ನಂಥ ಹಸ್ಕಿಯನ್ನು ಕಲಬುರಗಿಯ ಬೇಸಿಗೆಗೆ ತರುವುದಂತೂ ಪಾಪದ ಕೆಲಸ. ಇಂದು ಅಗ್ನಿಶಾಮಕರ ಜೊತೆ ಕೆಲಸ ಮಾಡುವ ನಾಯಿಗಳು ಬೇರೆ ಥರದವು. ಅಮೆರಿಕದ ಕನೆಕ್ಟಿಕಟ್‌ನಲ್ಲಿ 1986ರಲ್ಲಿ ಮ್ಯಾಟಿ ಎಂಬ ಲ್ಯಾಬ್ರಡಾರ್, ಸುಟ್ಟ ಜಾಗದಲ್ಲಿ ಪೆಟ್ರೋಲಿನಂಥ ವಸ್ತುವಿನ ವಾಸನೆ ಹಿಡಿಯುವ ಕೆಲಸಕ್ಕೆ ಸೇರಿತು. ವಿಪತ್ತಿನಲ್ಲಿ ರಕ್ಷಣೆಗೆ ಬರುವ ನಮ್ಮ ಎನ್‌ಡಿಆರ್‌ಎಫ್ ತಂಡಗಳಲ್ಲಿ ಕುಸಿದ ಕಟ್ಟಡದಡಿ ಇರುವವರನ್ನು ಮೂಸಿ ಹುಡುಕುವ ನಾಯಿಗಳಿವೆ. ನಾಯಿ ನೀರು ಹೊಡೆಯುವುದಿಲ್ಲ, ಮೂಗಿನಿಂದ ಕೆಲಸ ಮಾಡುತ್ತದೆ ಎಂದು ಹೇಳಿದರೆ ಮಕ್ಕಳಿಗೆ ಬೇಸರವೇನೂ ಆಗುವುದಿಲ್ಲ, ಪ್ರಶ್ನೆ ಹೆಚ್ಚುತ್ತವೆ ಅಷ್ಟೆ.

ಫೈರ್‌ಮನ್ ಸ್ಯಾಮ್

ವೇಲ್ಸ್‌ನ ಸರಣಿ. 1987ರಲ್ಲಿ ವೆಲ್ಷ್ ಭಾಷೆಯ ವಾಹಿನಿಯಲ್ಲಿ ಸ್ಯಾಮ್ ಟಾನ್ ಎಂಬ ಹೆಸರಿನಲ್ಲಿ ಶುರುವಾಗಿ, ಬಿಬಿಸಿಗೂ ಬಂತು. ಮೂಲ ಕಲ್ಪನೆ ಇಬ್ಬರು ಮಾಜಿ ಅಗ್ನಿಶಾಮಕರದು, ಅದು ಕಥೆಗಳಲ್ಲಿ ಎದ್ದು ಕಾಣುತ್ತದೆ. ಹಳೆಯ ಕಂತುಗಳು ಬೊಂಬೆಗಳನ್ನು ಒಂದೊಂದೇ ಚಿತ್ರವಾಗಿ ಸರಿಸಿ ತೆಗೆದವು, 2008ರಿಂದ ಕಂಪ್ಯೂಟರ್ ಅನಿಮೇಶನ್. ಪಾಂಟಿಪ್ಯಾಂಡಿ ಎಂಬ ಕಾಲ್ಪನಿಕ ಊರು, ಜುಪಿಟರ್ ಎಂಬ ಕೆಂಪು ಫೈರ್ ಎಂಜಿನ್, ಠಾಣಾಧಿಕಾರಿ ಸ್ಟೀಲ್, ಎಲ್ವಿಸ್, ಪೆನಿ. ಠಾಣೆಯಲ್ಲಿ ರೇಡಾರ್ ಎಂಬ ನಾಯಿಯೂ ಇದೆ, ಆದರೆ ಅದು ಪಕ್ಕವಾದ್ಯ.

ಇಲ್ಲಿ ಬೆಂಕಿ ಹತ್ತುವುದಕ್ಕೆ ಕಾರಣವಿರುತ್ತದೆ. ಯಾರೋ ಒಲೆ ಮರೆತು ಹೋಗುತ್ತಾರೆ, ಯಾರೋ ಹೇಳಿದ ಮಾತು ಕೇಳುವುದಿಲ್ಲ, ಬಹಳ ಸಲ ನಾರ್ಮನ್ ಪ್ರೈಸ್ ಎಂಬ ತುಂಟ ಹುಡುಗ ಏನೋ ಎಡವಟ್ಟು ಮಾಡುತ್ತಾನೆ. ದಳ ಬಂದು ಕಾಪಾಡುತ್ತದೆ, ಕೊನೆಗೆ ಸ್ಯಾಮ್ ಯಾವುದು ತಪ್ಪಾಯಿತೆಂದು ಹೇಳುತ್ತಾನೆ. ಕಾರಣ, ಅಪಾಯ, ರಕ್ಷಣೆ, ಬುದ್ಧಿಮಾತು ಎಲ್ಲ ಸುಮಾರು 10 ನಿಮಿಷದೊಳಗೆ. ಫೈರ್ ಎಂಜಿನ್ ಹುಚ್ಚಿನ ನಾಲ್ಕೈದು ವರ್ಷದ ಮಗುವಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ಈ ಪಟ್ಟಿಯಲ್ಲಿಲ್ಲ.

ಇನ್ನೊಂದು ಲಾಭವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಮನೆಗೆ ಬೆಂಕಿ ಬಿದ್ದಾಗ ಚಿಕ್ಕ ಮಕ್ಕಳು ಹೊರಗೆ ಓಡುವ ಬದಲು ಮಂಚದಡಿಯಲ್ಲೋ ಬೀರುವಿನೊಳಗೋ ಅಡಗಿ ಕೂರುತ್ತವೆ. ಹೊಗೆಯ ನಡುವೆ ಮುಖವಾಡ, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಬರುವ ಮನುಷ್ಯನನ್ನು ಕಂಡರೆ ಇನ್ನೂ ಒಳಕ್ಕೆ ಸರಿಯುತ್ತವೆ. ಆ ವೇಷದೊಳಗೆ ಇರುವುದು ಸ್ಯಾಮ್‌ನಂಥವನೇ ಎಂದು ಮೊದಲೇ ಗೊತ್ತಿದ್ದರೆ ಕರೆದಾಗ ಬಂದಾವು. ನಾಯಿಮರಿ ನೋಡಿ ಬೆಳೆದ ಮಗುವಿಗೆ ಈ ಪರಿಚಯ ಆಗುವುದಿಲ್ಲ.

ತೊಂದರೆಗಳೂ ಇವೆ. ನಾರ್ಮನ್ ಮಾಡುವ ಚೇಷ್ಟೆ ಕೆಲವು ಮಕ್ಕಳಿಗೆ ಸ್ಯಾಮ್ ಹೇಳುವ ಬುದ್ಧಿಗಿಂತ ರುಚಿ. ಐದರೊಳಗಿನ ಮಗು ಕಥೆಯ ತುದಿಯ ಪಾಠಕ್ಕಿಂತ ನಡುವಿನ ತಮಾಷೆಯನ್ನೇ ನೆನಪಿಟ್ಟುಕೊಳ್ಳುತ್ತದೆ. ಹಾಗಾಗಿ ಕಂತು ಮುಗಿದ ಮೇಲೆ "ನಾರ್ಮನ್ ಏನು ಮಾಡಬಾರದಿತ್ತು?" ಎಂದು ಒಂದೇ ಪ್ರಶ್ನೆ ಕೇಳಿ. ಉತ್ತರ ಬರದಿದ್ದರೆ ಆ ಕಂತು ಇನ್ನೂ ಆರು ತಿಂಗಳಿಗೆ ಬೇಡ. ಅಂಜುಬುರುಕ ಮಗುವಾದರೆ ಹೊಗೆಯ ದೃಶ್ಯ ಕಾಡಬಹುದು: ಒಲೆ ಹೊತ್ತಿಸಿದರೆ ಕೋಣೆಯಿಂದ ಓಡುವುದು, ದೇವರ ದೀಪ ಆರಿಸು ಎನ್ನುವುದು, ರಾತ್ರಿ ಎದ್ದು ಕರೆಯುವುದು. ಅಂಥ ಗುರುತು ಕಂಡರೆ ಕೆಲವು ವಾರ ಬಿಟ್ಟು, ಬೊಂಬೆಯಾಟದ ಹಳೆಯ ಕಂತುಗಳಿಂದ ಮತ್ತೆ ಶುರುಮಾಡಿ. ಅವುಗಳ ನಡೆ ನಿಧಾನ, ಬೆಂಕಿಯೂ ಪುಟ್ಟದು.

ಮಾತು ಮುಖ್ಯವಾದ ಸರಣಿಯಾದ್ದರಿಂದ ಇಂಗ್ಲಿಷ್ ತಿಳಿಯದ ಮಗುವಿಗೆ ಪಕ್ಕದಲ್ಲಿ ಒಬ್ಬರು ಕೂರಲೇಬೇಕು. ಆಟಿಕೆಯ ಕಾಟ ಇದ್ದರೂ ಪಾ ಪ್ಯಾಟ್ರೋಲ್‌ನಷ್ಟಿಲ್ಲ.

ರೋಬೊಕಾರ್ ಪೊಲಿ

ದಕ್ಷಿಣ ಕೊರಿಯಾದ ರೋಯ್ ವಿಶುವಲ್ ಮಾಡಿ, 2011ರಿಂದ ಇಬಿಎಸ್ ವಾಹಿನಿಯಲ್ಲಿ ಬಂದದ್ದು. ಬ್ರೂಮ್ಸ್ ಟೌನ್ ಎಂಬ ಊರಿನಲ್ಲಿ ಕಾರುಗಳಿಗೂ ಜೀವ. ಪೊಲೀಸ್ ಕಾರು ಪೊಲಿ, ಫೈರ್ ಎಂಜಿನ್ ರಾಯ್, ಆಂಬುಲೆನ್ಸ್ ಆಂಬರ್, ಹೆಲಿಕಾಪ್ಟರ್ ಹೆಲಿ. ಕಾರು ರೋಬೊ ಆಗಿ ಎದ್ದು ನಿಲ್ಲುತ್ತದೆ, ಇಷ್ಟಕ್ಕೇ ಗಾಡಿಪ್ರಿಯ ಮಕ್ಕಳು ಸೋಲುತ್ತಾರೆ. ನಾಯಿ ಇಲ್ಲ. ಕಂತು ಸುಮಾರು 11 ನಿಮಿಷ.

ಮುಖ್ಯ ಸರಣಿಗಿಂತ ಅದರ ಉಪಸರಣಿಗಳೇ ಇಲ್ಲಿ ಬೆಲೆಬಾಳುವವು. ಪೊಲಿ ರಸ್ತೆ ಸುರಕ್ಷತೆ ಹೇಳಿಕೊಡುವ ಕಂತುಗಳಿವೆ, ಆಂಬರ್ ದಿನನಿತ್ಯದ ಸುರಕ್ಷತೆ ಹೇಳುವವು ಇವೆ, ರಾಯ್ ಬೆಂಕಿಯ ಬಗ್ಗೆಯೇ ಹೇಳುವವು ಪ್ರತ್ಯೇಕವಾಗಿವೆ. ಪುಟ್ಟ ಪುಟ್ಟ ಕಂತು, ಒಂದಕ್ಕೆ ಒಂದೇ ವಿಷಯ: ಮನೆಯೊಳಗೆ ಬೆಂಕಿ ಹೇಗೆ ಹತ್ತುತ್ತದೆ, ಹತ್ತಿದರೆ ಹೇಗೆ ಪಾರಾಗಬೇಕು. ಸಿಕ್ಕಿಬಿದ್ದವರೇ ಏನು ಮಾಡಬೇಕೆಂಬುದು ಇಲ್ಲಿ ಕಥೆಯ ನಡುಮಧ್ಯೆ ಇದೆ, ಪಾ ಪ್ಯಾಟ್ರೋಲ್‌ನಲ್ಲಿ ಇಲ್ಲದ್ದೇ ಅದು. ಅಧಿಕೃತ ಯೂಟ್ಯೂಬ್ ವಾಹಿನಿಯಲ್ಲಿ ಇಂಗ್ಲಿಷ್ ಧ್ವನಿಯಲ್ಲಿ ಹಣವಿಲ್ಲದೆ ಸಿಗುವುದರಿಂದ ಖರ್ಚಿನ ಲೆಕ್ಕದಲ್ಲೂ ಗೆಲ್ಲುತ್ತದೆ.

ಕಥೆ ಅಷ್ಟೇನೂ ರಸವತ್ತಲ್ಲ, ಇದನ್ನು ಒಪ್ಪಿಕೊಳ್ಳಬೇಕು. ಪಾಠ ಮುಂದೆ, ಕಥೆ ಹಿಂದೆ. ಮುಖ್ಯ ಸರಣಿಯಲ್ಲಿ ಗಾಡಿಗಳು ಬಿದ್ದು ಅಳುವ ದೃಶ್ಯಗಳು ಕೆಲವು ಮಕ್ಕಳನ್ನು ಕಲಕುತ್ತವೆ. ತೆರೆಯ ಮೇಲಿನ ತುರ್ತು ಸಂಖ್ಯೆ ಕೊರಿಯಾದ 119.

ಉಳಿದವು

ಫೈರ್‌ಬಡ್ಸ್ 2022ರಲ್ಲಿ ಡಿಸ್ನಿ ಜೂನಿಯರ್‌ಗೆ ಬಂತು. ಸೋಫಿಯಾ ದ ಫಸ್ಟ್ ಮಾಡಿದ ಕ್ರೇಗ್ ಗರ್ಬರ್ ಅವರದು. ಅಗ್ನಿಶಾಮಕರ, ಪೊಲೀಸರ, ಆಂಬುಲೆನ್ಸಿನವರ ಮಕ್ಕಳು ತಮ್ಮ ಮಾತಾಡುವ ಗಾಡಿಗಳ ಜೊತೆ ಸೇರಿ ಊರಿಗೆ ನೆರವಾಗುತ್ತಾರೆ. ದೊಡ್ಡವರು ಇಲ್ಲಿ ಬುದ್ಧಿವಂತರು, ಮನೆಮಂದಿಯ ಬಾಂಧವ್ಯ ಚೆನ್ನಾಗಿದೆ, ಹಾಡು ಬಹಳ. ಐದು ದಾಟಿದವರಿಗೆ ಹಿಡಿಸುತ್ತದೆ. ಆದರೆ ಮಕ್ಕಳೇ ಅಪಾಯದ ಜಾಗಕ್ಕೆ ಹೊರಡುವುದನ್ನು ಮೂರು ವರ್ಷದ ಮಗು ಹೇಗೆ ತೆಗೆದುಕೊಳ್ಳುತ್ತದೆಂದು ಯೋಚಿಸಬೇಕು. ಡಿಸ್ನಿಯ ಕಾರ್ಯಕ್ರಮ ಇರುವ ಆ್ಯಪಿಗೆ ಆಗಲೇ ಚಂದಾ ಕಟ್ಟಿದ್ದರೆ ನೋಡಿ, ಇದೊಂದಕ್ಕಾಗಿ ಕಟ್ಟಬೇಡಿ.

ಅಮೆರಿಕದ ಅಗ್ನಿ ಸುರಕ್ಷಾ ಸಂಸ್ಥೆ ಎನ್‌ಎಫ್‌ಪಿಎಗೆ 1951ರಿಂದ ಸ್ಪಾರ್ಕಿ ಎಂಬ ಡಾಲ್ಮೇಶಿಯನ್ ಲಾಂಛನವಿದೆ. ಇದು ಸರಣಿಯಲ್ಲ, ಕಿರುಚಿತ್ರ ಮತ್ತು ಬಣ್ಣ ಹಚ್ಚುವ ಹಾಳೆಗಳು, ಜಾಲತಾಣದಲ್ಲಿ ಉಚಿತ. ಅಮೆರಿಕದಲ್ಲಿರುವ ಕನ್ನಡದ ಮಕ್ಕಳು ಅಕ್ಟೋಬರ್‌ನ ಅಗ್ನಿ ಸುರಕ್ಷಾ ಸಪ್ತಾಹದಲ್ಲಿ ಶಾಲೆಯಲ್ಲೇ ಇದನ್ನು ನೋಡಿರುತ್ತಾರೆ. ಚುಕ್ಕೆ ನಾಯಿಯೂ ಬೇಕು, ನಿಜವಾದ ಪಾಠವೂ ಬೇಕು ಎನ್ನುವವರಿಗೆ ಎರಡೂ ಒಂದೇ ಕಡೆ ಸಿಗುವುದು ಇಲ್ಲೇ.

ನಾಯಿ ಬೇಕು, ಗಲಾಟೆ ಬೇಡ ಎಂದಾದರೆ ಆಸ್ಟ್ರೇಲಿಯಾದ ಬ್ಲೂಯಿ. ಏಳು ನಿಮಿಷದ ಕಂತು, ಬ್ರಿಸ್ಬೇನ್‌ನ ಒಂದು ನಾಯಿ ಸಂಸಾರ, ಆಟ ಮತ್ತು ಮಾತು. ಬೆಂಕಿಗೂ ಇದಕ್ಕೂ ಸಂಬಂಧವಿಲ್ಲ. ದೊಡ್ಡವರೂ ಕೂತು ನೋಡಬಹುದಾದದ್ದು ಈ ಪಟ್ಟಿಯಲ್ಲಿ ಇದೊಂದೇ. ಆದರೆ ಎಲ್ಲವೂ ಮಾತಿನಲ್ಲೇ ಇರುವುದರಿಂದ ಇಂಗ್ಲಿಷ್ ಬಾರದ ಮಗುವಿಗೆ ಕಷ್ಟ.

ಕನ್ನಡದ ಮಾತು

ಕೇಬಲ್ ಅಥವಾ ಡಿಟಿಎಚ್ ಇದ್ದರೆ ರಿಮೋಟಿನ ಆಡಿಯೊ ಗುಂಡಿ ಒತ್ತಿ ನೋಡಿ. ಮಕ್ಕಳ ವಾಹಿನಿಗಳು ಒಂದೇ ಚಿತ್ರಕ್ಕೆ ಹಲವು ಭಾಷೆಯ ಧ್ವನಿ ಕೊಡುವುದುಂಟು, ನಮ್ಮ ಮನೆಗಳಲ್ಲಿ ಅದು ಹಿಂದಿಯಲ್ಲೇ ನಿಂತಿರುತ್ತದೆ. ಆ್ಯಪಿನಲ್ಲಾದರೆ ಕಂತು ಶುರುವಾದ ಮೇಲೆ ಆಡಿಯೊ ಪಟ್ಟಿ ತೆರೆದು ನೋಡಿ, ಚಂದಾ ಕಟ್ಟುವ ಮುಂಚೆಯೇ ನೋಡುವುದು ಜಾಣತನ. ಒಂದು ಸೀಸನ್‌ಗೆ ಇರುವ ಭಾಷೆ ಇನ್ನೊಂದಕ್ಕೆ ಇಲ್ಲದಿರಬಹುದು.

ಕನ್ನಡ ಧ್ವನಿ ಸಿಗದಿದ್ದರೆ ಪಾ ಪ್ಯಾಟ್ರೋಲನ್ನು ಧ್ವನಿ ಸಣ್ಣದು ಮಾಡಿ, ಅಜ್ಜಿಯೋ ತಾತನೋ ಕನ್ನಡದಲ್ಲಿ ಕಥೆ ಹೇಳುತ್ತ ನೋಡಿಸಬಹುದು. ಕ್ರಮ ಬದಲಾಗದ ಕಥೆಯಾದ್ದರಿಂದ ಎರಡನೇ ದಿನಕ್ಕೆ ಅಜ್ಜಿಗೂ ರೂಢಿಯಾಗುತ್ತದೆ. ಅಗ್ನಿಶಾಮಕ ಎಂಬ ಮಾತು ಮೂರು ವರ್ಷಕ್ಕೆ ಭಾರ, "ಬೆಂಕಿ ಆರಿಸೋ ಮಾಮ" ಸಾಕು. ಸ್ಯಾಮ್‌ನನ್ನು ಹೀಗೆ ನೋಡಿಸುವುದಾದರೆ ಕಂತನ್ನು ನೀವು ಒಮ್ಮೆ ಮೊದಲೇ ನೋಡಿರಬೇಕು.

ಯೂಟ್ಯೂಬ್‌ನಲ್ಲಿ ಹುಡುಕಿ ಹಾಕುವವರಿಗೆ ಎಚ್ಚರಿಕೆಯ ಮಾತು. ಜನಪ್ರಿಯ ಪಾತ್ರಗಳ ಚಿತ್ರ ಕದ್ದು ಮಾಡಿದ ವಿಕಾರ ವಿಡಿಯೊಗಳು 2017ರಲ್ಲಿ ದೊಡ್ಡ ಸುದ್ದಿಯಾದವು, ಪಾ ಪ್ಯಾಟ್ರೋಲ್ ಮರಿಗಳೂ ಅದರಲ್ಲಿದ್ದವು. ಯೂಟ್ಯೂಬ್ ಕಿಡ್ಸ್‌ನಲ್ಲಿ ನೀವು ಒಪ್ಪಿದ ವಾಹಿನಿ ಮಾತ್ರ ಕಾಣುವಂತೆ ಮಾಡುವ ಸೆಟ್ಟಿಂಗ್ ಇದೆ, ಅದನ್ನು ಹಾಕಿ, ಹುಡುಕಾಟ ಮುಚ್ಚಿ, ತಾನಾಗಿ ಮುಂದಿನ ವಿಡಿಯೊ ಓಡುವುದನ್ನೂ ನಿಲ್ಲಿಸಿ.

ಆಟಿಕೆಯ ಲೆಕ್ಕ

ಪಾ ಪ್ಯಾಟ್ರೋಲ್‌ನಲ್ಲಿ ಪ್ರತಿ ಹೊಸ ಉಪಹೆಸರಿಗೆ ಅದೇ ಮರಿಗಳು ಹೊಸ ಉಡುಪು ತೊಟ್ಟು ಹೊಸ ಗಾಡಿ ಹತ್ತುತ್ತವೆ. ಅಂದರೆ ಆರು ಗಾಡಿಗಳ ಒಂದು ಸೆಟ್ ಕೊಂಡರೂ ಸೆಟ್ ಮುಗಿಯುವುದಿಲ್ಲ. ಕೊಳ್ಳಲೇಬೇಕಾದರೆ ಮಾರ್ಷಲ್‌ನ ಮೂಲ ಫೈರ್ ಎಂಜಿನ್ ಒಂದನ್ನೇ ಕೊಳ್ಳಿ. ಆ ಹುಚ್ಚು ಇಳಿದ ಮೇಲೂ ಅದು ಬರೀ ಫೈರ್ ಎಂಜಿನ್ ಆಗಿ ಆಟಕ್ಕೆ ಬರುತ್ತದೆ. ರೋಬೊಕಾರ್ ಪೊಲಿಯ ರೂಪ ಬದಲಿಸುವ ಗಾಡಿ ಚಂದವೇ, ಆದರೆ ಅದರ ಕೀಲುಗಳನ್ನು ಮಡಚುವುದು ಮೂರು ವರ್ಷದ ಬೆರಳಿಗೆ ಆಗದು. ಎಳೆದು ಮುರಿಯುತ್ತದೆ, ಇಲ್ಲವೇ ದಿನವಿಡೀ ನೀವೇ ಮಡಚಿಕೊಡಬೇಕು.

ಜಾತ್ರೆ, ಫುಟ್‌ಪಾತ್‌ನಲ್ಲಿ ಸಿಗುವ ನಕಲಿ ಮಾರ್ಷಲ್ ಅಗ್ಗ. 2021ರ ಜನವರಿ 1ರಿಂದ ಭಾರತದಲ್ಲಿ ಮಾರುವ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ, ಅದಿಲ್ಲದ್ದನ್ನು ಮುಟ್ಟಬೇಡಿ. ಬಿಡಿಭಾಗಗಳ ಅಳತೆ ನೋಡಲು ಸುರಕ್ಷತಾ ಪರೀಕ್ಷೆಯಲ್ಲಿ 31.7 ಮಿಲಿಮೀಟರ್ ಅಗಲದ ಕೊಳವೆ ಬಳಸುತ್ತಾರೆ. ಅದರೊಳಗೆ ಪೂರ್ತಿ ಹಿಡಿಯುವಷ್ಟು ಚಿಕ್ಕ ತುಣುಕು ಮೂರು ವರ್ಷದೊಳಗಿನ ಮಗುವಿನ ಗಂಟಲಿಗೆ ಸಿಕ್ಕಬಲ್ಲದು. ನೀರಿನ ಫಿರಂಗಿಯಿಂದ ಚಿಮ್ಮುವ ಪ್ಲಾಸ್ಟಿಕ್ ಗುಂಡುಗಳೇ ಮೊದಲ ಅನುಮಾನಿತರು, ಡಬ್ಬ ತೆರೆದ ದಿನವೇ ಎತ್ತಿಡಿ. ಗುಂಡಿಯಂಥ ಬ್ಯಾಟರಿ ಇರುವ ಜಾಗಕ್ಕೆ ಸ್ಕ್ರೂ ಇದೆಯೇ ನೋಡಿ. ನುಂಗಿದರೆ ಅನ್ನನಾಳ ಸುಡುತ್ತದೆ, ಕಾಯದೆ ಆಸ್ಪತ್ರೆಗೆ ಓಡಬೇಕು.

ಯಾರಿಗೆ ಯಾವುದು

ಎರಡೂವರೆಯಿಂದ ಮೂರೂವರೆ ವರ್ಷ, ನಾಯಿ ಕಂಡರೆ ಪ್ರಾಣ: ಪಾ ಪ್ಯಾಟ್ರೋಲ್ ಮೊದಲ ಸೀಸನ್‌ಗಳು, ದಿನಕ್ಕೆ 11 ನಿಮಿಷದ ಕಥೆ ಒಂದೋ ಎರಡೋ. ನಾಲ್ಕು ದಾಟಿ ಫೈರ್ ಎಂಜಿನ್ನಿನ ಸದ್ದಿಗೆ ಬಾಲ್ಕನಿಗೆ ಓಡುವ ಮಗು: ಸ್ಯಾಮ್, ಪಕ್ಕದಲ್ಲಿ ನೀವು. ದುಡ್ಡು ಖರ್ಚು ಮಾಡುವುದಿಲ್ಲ ಎನ್ನುವವರಿಗೆ ಪೊಲಿಯ ಸುರಕ್ಷತಾ ಕಂತುಗಳು ಮತ್ತು ಸ್ಪಾರ್ಕಿ. ಬೇರೆ ಬೇರೆ ವಯಸ್ಸಿನ ಇಬ್ಬರು ಮಕ್ಕಳಿದ್ದರೆ ಚಿಕ್ಕವರ ಲೆಕ್ಕವೇ ನಡೆಯಲಿ. ದೊಡ್ಡವರು ಪಾ ಪ್ಯಾಟ್ರೋಲ್ ನೋಡಿ ಗೊಣಗಿದರೂ ನೋಡುತ್ತಾರೆ, ಚಿಕ್ಕವರು ಸ್ಯಾಮ್ ನೋಡಿ ಹೆದರಿದರೆ ರಾತ್ರಿ ನಿಮ್ಮದು.

ಪಾ ಪ್ಯಾಟ್ರೋಲ್ ಆರಿಸಿದವರು ವಾರಕ್ಕೊಮ್ಮೆ ರಾಯ್‌ನ ಒಂದು ಕಂತು ಜೊತೆಗೆ ಹಾಕಿ. ನಾಯಿಮರಿ ಹುಟ್ಟಿಸಿದ ಆಸಕ್ತಿ ರಾಯ್ ಹೇಳುವ ಪಾಠಕ್ಕೆ ಕೆಲಸಕ್ಕೆ ಬರುತ್ತದೆ. ನಾಯಿ ಬೇಕೇ ಬೇಕು, ಪಾಠವೂ ಬೇಕು ಎನ್ನುವವರಿಗೆ ಇದೇ ಜೋಡಿಯನ್ನು ಹೇಳುತ್ತೇನೆ.

ಯಾವುದನ್ನೇ ಆರಿಸಿದರೂ ನಮ್ಮ ಮನೆಗಳಿಗೆ ಬೇಕಾದ ಕೆಲವು ಸಂಗತಿ ಈ ವಿದೇಶಿ ಸರಣಿಗಳಲ್ಲಿ ಸಿಗುವುದಿಲ್ಲ. ಗ್ಯಾಸ್ ಸಿಲಿಂಡರ್, ದೇವರ ದೀಪಕ್ಕೆ ತಾಗುವ ಲಂಗದ ಅಂಚು, ಸೊಳ್ಳೆ ಬತ್ತಿ, ದೀಪಾವಳಿಯ ಪಟಾಕಿ, ಇವುಗಳನ್ನು ನೀವೇ ಹೇಳಬೇಕು. ಗ್ಯಾಸ್ ವಾಸನೆ ಬಂದರೆ ಮಗು ಮಾಡಬೇಕಾದದ್ದು ಎರಡೇ: ಯಾವ ಸ್ವಿಚ್ಚನ್ನೂ ಮುಟ್ಟದೆ ದೊಡ್ಡವರಿಗೆ ಹೇಳುವುದು, ಹೊರಗೆ ಹೋಗುವುದು. ದೊಡ್ಡವರು ರೆಗ್ಯುಲೇಟರ್ ಆರಿಸಿ, ಕಿಟಕಿ ಬಾಗಿಲು ತೆರೆದು, ಹೊರಗೆ ನಿಂತು ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಫೋನ್ ಮಾಡಬೇಕು. ಬಟ್ಟೆಗೆ ಬೆಂಕಿ ಹತ್ತಿದರೆ ಓಡಬಾರದು. ನಿಲ್ಲು, ಮಲಗು, ಉರುಳು. ಇದನ್ನು ಚಾಪೆಯ ಮೇಲೆ ಆಟವಾಗಿ ಆಡಿಸಿ. ಸುಟ್ಟ ಜಾಗಕ್ಕೆ 20 ನಿಮಿಷ ನಲ್ಲಿಯ ತಣ್ಣೀರು ಬಿಡಬೇಕು, ಟೂತ್‌ಪೇಸ್ಟೂ ಬೇಡ, ಮಂಜುಗಡ್ಡೆಯೂ ಬೇಡ.

ಫೋನ್ ಸಂಖ್ಯೆ ಮಾತ್ರ ಕಾರ್ಟೂನಿನಿಂದ ಕಲಿಯಬಾರದು. ಒಂದೊಂದು ಸರಣಿ ಒಂದೊಂದು ದೇಶದ್ದು, ಪಾ ಪ್ಯಾಟ್ರೋಲ್‌ನಲ್ಲಂತೂ ನೇರ ರೈಡರ್‌ಗೇ ಕರೆ. ಕರ್ನಾಟಕದಲ್ಲಿ ಅಗ್ನಿಶಾಮಕಕ್ಕೆ 101, ಎಲ್ಲ ತುರ್ತಿಗೂ 112. ಅಮೆರಿಕದಲ್ಲಿರುವವರಿಗೆ 911, ಬ್ರಿಟನ್ನಿನಲ್ಲಿ 999, ಆಸ್ಟ್ರೇಲಿಯಾದಲ್ಲಿ 000. ನಾಲ್ಕು ವರ್ಷಕ್ಕೆ ಸಂಖ್ಯೆಯ ಜೊತೆ ಮನೆಯ ವಿಳಾಸವನ್ನೂ ಬಾಯಿಪಾಠ ಮಾಡಿಸಬಹುದು.

ಏಪ್ರಿಲ್ 14ರಿಂದ 20ರವರೆಗೆ ದೇಶದಲ್ಲಿ ಅಗ್ನಿಶಾಮಕ ಸೇವಾ ಸಪ್ತಾಹ. 1944ರ ಅದೇ ದಿನ ಮುಂಬಯಿ ಬಂದರಿನಲ್ಲಿ ಫೋರ್ಟ್ ಸ್ಟಿಕೀನ್ ಹಡಗು ಸಿಡಿದಾಗ ಸತ್ತ ಅಗ್ನಿಶಾಮಕರ ನೆನಪಿಗೆ ಆಚರಿಸುವುದು. ಆ ವಾರ ಹಲವು ಠಾಣೆಗಳವರು ಪ್ರಾತ್ಯಕ್ಷಿಕೆ ನಡೆಸುತ್ತಾರೆ, ನಿಮ್ಮೂರಿನ ಠಾಣೆಯಲ್ಲಿ ವಿಚಾರಿಸಿಕೊಂಡು ಹೋಗಿ. ಸೈರನ್ ಸದ್ದಿಗೆ ಹೆದರುವ ಮಗುವಾದರೆ ಗಾಡಿ ನಿಂತಿರುವಾಗ ಮೊದಲು ಹತ್ತಿರ ಕರೆದುಕೊಂಡು ಹೋಗಿ, ಸೈರನ್ ಹಾಕುವ ಮುಂಚೆ ಹೇಳುವಂತೆ ಸಿಬ್ಬಂದಿಯನ್ನು ಕೇಳಿಕೊಳ್ಳಿ.